ಶರೀರ ರೋಗಿಯದು, ನಿರ್ಧಾರ ಯಾರದು?

(ವಿಜಯನಗರದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮನೆಗಳಲ್ಲಿ ಒಂದು ಮದುವೆ ನಿಶ್ಚಯವಾಗಬೇಕಾದರೆ ಎಷ್ಟೊಂದು ಸಮಾಲೋಚನೆ ನಡೆಯುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಊರಿನಿಂದ ಮಾಮು ಬರುತ್ತಾರೆ, ಖಾಲಾ ಬರುತ್ತಾರೆ, ನೆರೆಯ ಹಿರಿಯರನ್ನು ಕರೆಸುತ್ತೇವೆ. ಎಲ್ಲರ ಮಾತು ಮುಗಿದ ಬಳಿಕವೂ ನಿಕಾಹ್‌ನ ದಿನ ವಧುವಿನ ಬಳಿಗೆ ಸಾಕ್ಷಿಗಳು ಹೋಗುತ್ತಾರೆ. ಒಪ್ಪಿಗೆಯಿದೆಯೇ ಎಂದು ಕೇಳುತ್ತಾರೆ. ಅವಳ ಒಪ್ಪಿಗೆಯಿಲ್ಲದೆ ಆ ಕಾರ್ಯ ಮುಂದುವರಿಯಬಾರದು ಎಂಬುದು ನಮಗೆಲ್ಲ ಗೊತ್ತು. ಆದರೆ ಅದೇ ಹೆಣ್ಣುಮಗಳು ಕೆಲವು ವರ್ಷಗಳ ಬಳಿಕ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ, ಅವಳ ಹೊಟ್ಟೆ ಕೊಯ್ಯಬೇಕೇ ಬೇಡವೇ, ಅವಳ ಗರ್ಭಕೋಶ ತೆಗೆಯಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ, ಅವಳ ಬಳಿಗೆ ಹೋಗಿ ಕೇಳುವವರು ಯಾರು? ವೈದ್ಯರು ವಾರ್ಡಿನ ಹೊರಗೆ ಬಂದು ಪತಿಯೊಂದಿಗೆ ಮಾತನಾಡುತ್ತಾರೆ. ಪತಿ ತನ್ನ ತಂದೆಗೆ ಫೋನ್ ಮಾಡುತ್ತಾನೆ. ತಂದೆ ಪರಿಚಯದ ಒಬ್ಬ ಮೆಡಿಕಲ್ ಸ್ಟೋರ್‌ನವರನ್ನು ವಿಚಾರಿಸುತ್ತಾರೆ. ಕೊನೆಗೆ ಇಂಗ್ಲಿಷಿನಲ್ಲಿ ಮುದ್ರಿತವಾದ ಒಂದು ಕಾಗದದ ಮೇಲೆ ಸಹಿ ಬೀಳುತ್ತದೆ. ಆ ಇಡೀ ಸಮಾಲೋಚನೆಯಲ್ಲಿ ಇಲ್ಲದಿರುವುದು ರೋಗಿ ಮಾತ್ರ.

ನಾನು ಇಂದು ಮಾತನಾಡಲು ಬಯಸುವುದು ಈ ಗೈರುಹಾಜರಿಯ ಕುರಿತು.

ಚಿಕಿತ್ಸೆಯ ತೀರ್ಮಾನವನ್ನು ವೈದ್ಯರು ಮತ್ತು ರೋಗಿ ಜೊತೆಗೂಡಿ ಕೈಗೊಳ್ಳಬೇಕು ಎಂಬ ವಿಚಾರ ಇಂದು ಜಗತ್ತಿನಾದ್ಯಂತ ವೈದ್ಯಕೀಯ ಶಿಕ್ಷಣದ ಭಾಗವಾಗಿದೆ. ಇದರ ಅರ್ಥ ಸರಳವಾದುದು. ರೋಗದ ಬಗ್ಗೆ ಬಲ್ಲವರು ವೈದ್ಯರು. ಆದರೆ ಆ ರೋಗವನ್ನು ಹೊತ್ತುಕೊಂಡು ಬದುಕಬೇಕಾದವರು ರೋಗಿ. ಮಂಡಿಯ ಶಸ್ತ್ರಚಿಕಿತ್ಸೆಯ ಯಶಸ್ಸು ಎಷ್ಟು, ಅಪಾಯವೆಷ್ಟು ಎಂಬುದನ್ನು ವೈದ್ಯರು ಹೇಳಬಲ್ಲರು. ಮೂರನೇ ಮಹಡಿಯ ಬಾಡಿಗೆ ಮನೆಗೆ ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯುವ, ನೆಲದ ಮೇಲೆ ಕುಳಿತು ಊದುಬತ್ತಿ ಹೊಸೆಯುವ ಒಬ್ಬ ತಾಯಿಯ ದಿನಚರಿ ಏನೆಂಬುದನ್ನು ಆ ತಾಯಿ ಮಾತ್ರ ಹೇಳಬಲ್ಲಳು. ಈ ಎರಡು ಅರಿವುಗಳು ಒಂದೆಡೆ ಸೇರಿದಾಗ ಮಾತ್ರ ಸರಿಯಾದ ನಿರ್ಧಾರ ಹುಟ್ಟುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಒಂದು ಮಹತ್ವದ ತೀರ್ಪು ನೀಡಿತು. ಸಮೀರಾ ಕೊಹ್ಲಿ ಪ್ರಕರಣವೆಂದು ಅದು ಪ್ರಸಿದ್ಧ. 1995ರ ಮೇ ತಿಂಗಳಲ್ಲಿ ದಿಲ್ಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಒಂಬತ್ತು ದಿನಗಳಿಂದ ನಿಲ್ಲದ ರಕ್ತಸ್ರಾವಕ್ಕಾಗಿ ಕ್ಲಿನಿಕ್ಕಿಗೆ ಹೋದರು. ಕಾರಣವೇನೆಂದು ತಿಳಿಯಲು ಲ್ಯಾಪರೋಸ್ಕೋಪಿ ಪರೀಕ್ಷೆ ಮಾಡಬೇಕೆಂದು ಹೇಳಲಾಯಿತು. ಅದಕ್ಕೆ ಅವರು ಒಪ್ಪಿದರು. ಅರಿವಳಿಕೆ ನೀಡಿ ಪರೀಕ್ಷೆ ನಡೆಯುತ್ತಿದ್ದಾಗ ವೈದ್ಯರ ಸಹಾಯಕಿ ಹೊರಗೆ ಬಂದು, ಕಾದು ಕುಳಿತಿದ್ದ ಅವರ ವೃದ್ಧ ತಾಯಿಯಿಂದ ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದರು. ಮಗಳು ಎಚ್ಚರಗೊಂಡಾಗ ಗರ್ಭಕೋಶವೂ ಇರಲಿಲ್ಲ, ಅಂಡಾಶಯಗಳೂ ಇರಲಿಲ್ಲ.

ಆ ತಾಯಿ ಶತ್ರುವಾಗಿರಲಿಲ್ಲ ಎಂಬುದನ್ನು ಗಮನಿಸಿ. ವೈದ್ಯರೂ ಸದುದ್ದೇಶದಿಂದಲೇ ವರ್ತಿಸಿದ್ದರು ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಆದರೂ ಇದು ತಪ್ಪು ಎಂದು ತೀರ್ಪು ನೀಡಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು. ರೋಗಿ ಪ್ರಾಪ್ತ ವಯಸ್ಕಳಾಗಿದ್ದು, ಅವಳ ಎಚ್ಚರಕ್ಕಾಗಿ ಕಾಯಲು ಸಾಧ್ಯವಿದ್ದು, ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ತಾಯಿಯ ಒಪ್ಪಿಗೆಗೂ ಬೆಲೆಯಿಲ್ಲ. ಚಿಕಿತ್ಸೆಯ ಸ್ವರೂಪವೇನು, ಅದರಿಂದ ಆಗುವ ಪ್ರಯೋಜನವೇನು, ಬೇರೆ ಮಾರ್ಗಗಳಿವೆಯೇ, ಮುಖ್ಯ ಅಪಾಯಗಳೇನು, ಚಿಕಿತ್ಸೆ ನಿರಾಕರಿಸಿದರೆ ಏನಾಗಬಹುದು ಎಂಬುದನ್ನು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ವೈದ್ಯರಿಗೆ ಶುಲ್ಕ ಪಡೆಯುವ ಹಕ್ಕಿಲ್ಲವೆಂದೂ, 25 ಸಾವಿರ ರೂಪಾಯಿ ಪರಿಹಾರ ನೀಡಬೇಕೆಂದೂ ನ್ಯಾಯಾಲಯ ಆದೇಶಿಸಿತು. ಮೊತ್ತ ಅಲ್ಪವೇ ಸರಿ. ಆದರೆ ಹೊರಗೆ ಕಾದಿರುವವರ ಪ್ರೀತಿ, ಒಳಗೆ ಮಲಗಿರುವವರ ಒಪ್ಪಿಗೆಗೆ ಬದಲಿಯಾಗದು ಎಂಬ ಮಾತು ಅಲ್ಪವಾದುದಲ್ಲ.

ಪತಿಯ ಸಹಿ ಕೇಳುವ ರೂಢಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದಕ್ಕೆ ನಿಯಮಗಳಲ್ಲಿಯೇ ಬೇರಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳು ಶಸ್ತ್ರಚಿಕಿತ್ಸೆಗೆ ಮುನ್ನ ಯಾರಿಂದ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಪಟ್ಟಿ ಮಾಡುವಾಗ ಪತಿ ಅಥವಾ ಪತ್ನಿಯನ್ನು ಮೊದಲು ಹೆಸರಿಸುತ್ತವೆ. ರೋಗಿಯ ಹೆಸರು ಬರುವುದು ಕಟ್ಟಕಡೆಯಲ್ಲಿ! 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಹೊರಡಿಸಿತಾದರೂ ಅದೇ ತಿಂಗಳು ಅವುಗಳನ್ನು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತಂದಿತು. ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. 2002ರ ನಿಯಮ ದಂಪತಿಯರಿಬ್ಬರ ಒಪ್ಪಿಗೆ ಕೇಳುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಸಂಗಾತಿಯ ಒಪ್ಪಿಗೆ ಅಗತ್ಯವಿಲ್ಲ ಎನ್ನುತ್ತದೆ. ಹೀಗಿರುವಾಗ ಮುಂದೆ ದೂರು ಬಂದೀತೆಂದು ಅಂಜುವ ವೈದ್ಯರು, ಜಗಳ ಮಾಡಬಲ್ಲವರ ಸಹಿಯನ್ನು ಮೊದಲು ಹಾಕಿಸಿಕೊಳ್ಳುತ್ತಾರೆ. ಜಗಳ ಮಾಡಲಾರದವಳು ಮಂಚದ ಮೇಲಿರುತ್ತಾಳೆ.

ಸಹೋದರರೇ, ಇದರ ಪರಿಣಾಮವನ್ನು ಹೆರಿಗೆ ಕೊಠಡಿಯಲ್ಲಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ ಸುಮಾರು 24 ಹೆರಿಗೆಗಳು ಸಿಸೇರಿಯನ್ ಆಗಿದ್ದವು. 2019-21ರ ವೇಳೆಗೆ ಅದು 31ನ್ನು ದಾಟಿತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಇವುಗಳಲ್ಲಿ ಅನೇಕವು ತಾಯಿ ಮಗುವಿನ ಪ್ರಾಣ ಉಳಿಸಿದವು ಎಂಬುದರಲ್ಲಿ ಸಂಶಯವಿಲ್ಲ. ಸಿಸೇರಿಯನ್ ಎಂದೊಡನೆ ವೈದ್ಯರು ಹಣ ಸುಲಿಯುತ್ತಿದ್ದಾರೆ ಎಂದು ಕೂಗುವುದೂ ಸರಿಯಲ್ಲ. ಆದರೆ ಆರೋಗ್ಯವಂತ ಗರ್ಭಿಣಿಗೆ ಏಳನೇ ತಿಂಗಳಲ್ಲೇ ಈ ಕುರಿತು ವಿವರಿಸಲು, ಅವಳ ಭಯ, ಬಯಕೆಗಳನ್ನು ಕೇಳಿಸಿಕೊಳ್ಳಲು ಸಮಯವಿತ್ತಲ್ಲವೇ? ಅಂದು ಮಾತನಾಡದೆ, ನೋವು ಆರಂಭವಾದ ಮಧ್ಯರಾತ್ರಿ ಹದಿನೈದು ನಿಮಿಷದಲ್ಲಿ ಸಹಿ ಹಾಕಿ ಎಂದರೆ ಅದನ್ನು ನಿರ್ಧಾರ ಎನ್ನಲಾದೀತೇ?

ಬ್ರಿಟನ್ನಿನಲ್ಲಿ ಇಂತಹದ್ದೇ ಒಂದು ಪ್ರಕರಣ ಕಾನೂನನ್ನು ಬದಲಿಸಿತು. ನಡೀನ್ ಮಾಂಟ್ಗೊಮರಿ ಎಂಬ ಸ್ಕಾಟ್ಲೆಂಡಿನ ಮಹಿಳೆ ಸಕ್ಕರೆ ಕಾಯಿಲೆಯುಳ್ಳವರು, ಗಿಡ್ಡ ಮೈಕಟ್ಟಿನವರು. ಅಂತಹ ತಾಯಂದಿರಲ್ಲಿ ಹೆರಿಗೆಯ ವೇಳೆ ಮಗುವಿನ ಭುಜ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ನೂರಕ್ಕೆ 9ರಿಂದ 10ರಷ್ಟಿತ್ತು. ತಿಳಿಸಿದರೆ ಅವರು ಸಿಸೇರಿಯನ್ ಕೇಳಿಯಾರು ಎಂದು ವೈದ್ಯರು ಆ ಮಾತನ್ನು ತಿಳಿಸಲಿಲ್ಲ. 1999ರಲ್ಲಿ ಹುಟ್ಟಿದ ಮಗು ಶಾಶ್ವತ ಅಂಗವೈಕಲ್ಯಕ್ಕೆ ತುತ್ತಾಯಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಎಷ್ಟು ತಿಳಿಸಬೇಕೆಂಬುದನ್ನು ವೈದ್ಯರ ರೂಢಿ ತೀರ್ಮಾನಿಸುವಂತಿಲ್ಲ, ಆ ರೋಗಿಯ ಸ್ಥಾನದಲ್ಲಿರುವವರಿಗೆ ಮಹತ್ವದ್ದೆನಿಸುವ ಎಲ್ಲ ಅಪಾಯವನ್ನೂ ತಿಳಿಸಬೇಕು ಎಂದಿತು. ನಮ್ಮ 2008ರ ತೀರ್ಪು ಇಷ್ಟು ದೂರ ಹೋಗಿರಲಿಲ್ಲ. ಭಾರತದ ಪರಿಸ್ಥಿತಿಯನ್ನು ಗಮನಿಸಿ, ಸಾಮಾನ್ಯವಾಗಿ ವೈದ್ಯರು ಎಷ್ಟು ತಿಳಿಸುತ್ತಾರೋ ಅಷ್ಟು ಸಾಕು ಎಂಬ ಹಳೆಯ ಅಳತೆಗೋಲನ್ನೇ ಅದು ಉಳಿಸಿಕೊಂಡಿತು. ಬಡವರು ಮತ್ತು ಓದುಬರಹ ಬಾರದವರು ಹೆಚ್ಚಿರುವ ದೇಶದಲ್ಲಿ ವಿವರಿಸಿ ಹೇಳುವ ಹೊಣೆ ಹೆಚ್ಚಬೇಕೇ ಅಥವಾ ಕಡಿಮೆಯಾಗಬೇಕೇ? ನೀವೇ ಆಲೋಚಿಸಿರಿ.

ಇನ್ನು ನಮ್ಮ ರಾಜ್ಯದ ಕಾನೂನು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು. ಅದನ್ನು ಬಿಗಿಗೊಳಿಸಲು 2017ರಲ್ಲಿ ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದಾಗ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಬೆಳಗಾವಿಯಲ್ಲಿ ಅಧಿವೇಶನ, ಇಲ್ಲಿ ಮುಚ್ಚಿದ ಒಪಿಡಿಗಳು. ಕೊನೆಗೆ ವೈದ್ಯರನ್ನು ಜೈಲಿಗೆ ಕಳಿಸುವಂತಹ ಕಠಿಣ ಅಂಶಗಳನ್ನು ಸಡಿಲಿಸಿ ತಿದ್ದುಪಡಿ ಅಂಗೀಕಾರವಾಯಿತು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯಬಾರದು, ಬಾಕಿ ಹಣಕ್ಕಾಗಿ ಮೃತದೇಹ ಹಿಡಿದಿಡಬಾರದು, ರೋಗಿಗಳ ಹಕ್ಕುಗಳ ಸನ್ನದನ್ನು ಪಾಲಿಸಬೇಕು, ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿರಬೇಕು ಎಂಬ ಅಂಶಗಳು ಉಳಿದುಕೊಂಡವು. ಅಂದಿನ ಚರ್ಚೆಯಲ್ಲಿ ಖಾಸಗಿ ವೈದ್ಯರು ಎತ್ತಿದ ಒಂದು ಪ್ರಶ್ನೆ ನ್ಯಾಯಯುತವಾಗಿತ್ತು: ಸರಕಾರಿ ಆಸ್ಪತ್ರೆಗಳನ್ನು ಇದೇ ಕಾಯ್ದೆಯ ಕೆಳಗೆ ಏಕೆ ತರಲಿಲ್ಲ? ಇತರರಿಗೆ ನಿಯಮ ಹೇಳುವ ಸರಕಾರ ತನ್ನ ಮನೆಯ ಬಾಗಿಲನ್ನು ಹೊರಗಿಟ್ಟದ್ದು ಸರಿಯಲ್ಲ. ಬಡವನ ಒಪ್ಪಿಗೆಗೆ ಸರಕಾರಿ ವಾರ್ಡಿನಲ್ಲಿ ಒಂದು ಬೆಲೆ, ಖಾಸಗಿ ವಾರ್ಡಿನಲ್ಲಿ ಇನ್ನೊಂದು ಬೆಲೆ ಇರಕೂಡದು.

ಹಾಗೆಂದು ಎಲ್ಲ ಹೊಣೆಯನ್ನು ವೈದ್ಯರ ತಲೆಗೆ ಕಟ್ಟಿ ನಾವು ಎದ್ದು ಹೋಗುವಂತಿಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಒಪಿಡಿಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಪೀಣ್ಯದ ಕಾರ್ಖಾನೆಗಳಿಂದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಂದ, ಕೆಂಗೇರಿಯ ಕಡೆಯಿಂದ ಕಾರ್ಮಿಕರು ಬರುತ್ತಾರೆ. ಅರ್ಧ ದಿನದ ಸಂಬಳ ಹೋದೀತೆಂಬ ಅವಸರ ಅವರಿಗೆ, ಬಾಗಿಲ ಹೊರಗಿನ ಸಾಲು ಮುಗಿಯದೆಂಬ ಅವಸರ ವೈದ್ಯರಿಗೆ. ಈ ಎರಡು ಅವಸರಗಳ ನಡುವೆ ಮಾತು ಸತ್ತುಹೋಗುತ್ತದೆ. ವೈದ್ಯರ ಸಂಖ್ಯೆ ಹೆಚ್ಚಿಸದೆ, ವಿವರಿಸಿ ಹೇಳುವ ಆಪ್ತ ಸಲಹೆಗಾರರನ್ನು ನೇಮಿಸದೆ, ಒಪ್ಪಿಗೆಯ ಕಾಗದವನ್ನು ಕನ್ನಡ, ಉರ್ದು, ತಮಿಳು ಭಾಷೆಗಳಲ್ಲಿ ಮುದ್ರಿಸದೆ ಹಕ್ಕುಗಳ ಫಲಕ ತೂಗುಹಾಕಿದರೆ ಪ್ರಯೋಜನವಿಲ್ಲ. ಅದೇ ವೇಳೆ ಒಂದು ಮಾತನ್ನು ಕಾರ್ಮಿಕರು ಮರೆಯಬಾರದು. ಇಎಸ್‌ಐ ಚಿಕಿತ್ಸೆ ಧರ್ಮಾರ್ಥ ಸಿಗುವುದಲ್ಲ. 2019ರ ಜುಲೈಯಿಂದ ಕಾರ್ಮಿಕರ ಸಂಬಳದ ಶೇ. 0.75 ಹಾಗೂ ಮಾಲಕರಿಂದ ಶೇ. 3.25 ವಂತಿಗೆ ಅದಕ್ಕೆ ನಿಗದಿಯಾಗಿದೆ. ವಂತಿಗೆ ಕೊಟ್ಟವಳು ಪ್ರಶ್ನೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಭಾಷೆಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ಆಡುವುದು ದಖನಿ ಉರ್ದು. ವೈದ್ಯರು ಕನ್ನಡ ಮತ್ತು ಇಂಗ್ಲಿಷ್ ಬೆರೆಸಿ ಮಾತನಾಡುತ್ತಾರೆ. ನಡುವೆ ಕಾಲೇಜಿಗೆ ಹೋಗುವ ಮಗ ನಿಂತು ಅನುವಾದ ಮಾಡುತ್ತಾನೆ. ಗರ್ಭಕೋಶದ, ಮುಟ್ಟಿನ, ಸ್ತನದ ಗಂಟಿನ ವಿಷಯವನ್ನು ತಾಯಿ ಮಗನ ಮುಂದೆ ಹೇಗೆ ಹೇಳಬಲ್ಲಳು? ಅವಳು ಅರ್ಧ ಹೇಳುತ್ತಾಳೆ. ಮಗ ಅದರಲ್ಲಿ ಅರ್ಧವನ್ನು ವೈದ್ಯರಿಗೆ ತಲುಪಿಸುತ್ತಾನೆ. ವೈದ್ಯರು ಹೇಳಿದ್ದರಲ್ಲಿ ಅಮ್ಮ ಹೆದರುತ್ತಾಳೆಂದು ಅವನು ಇನ್ನಷ್ಟು ಬಿಟ್ಟುಬಿಡುತ್ತಾನೆ. ಓದಿದ ಹೆಣ್ಣುಮಕ್ಕಳು ನಮ್ಮ ಪ್ರತಿ ಮೊಹಲ್ಲಾದಲ್ಲೂ ಈಗ ಇದ್ದಾರೆ. ಅಂತಹ ಇಬ್ಬರು ಮೂವರು ಸರದಿಯಂತೆ ತಾಯಂದಿರ ಜೊತೆ ಆಸ್ಪತ್ರೆಗೆ ಹೋಗುವ ವ್ಯವಸ್ಥೆಯನ್ನು ಜಮಾಅತ್‌ಗಳು ಮಾಡಬಾರದೇ? ಇದಕ್ಕೆ ಕಟ್ಟಡ ಬೇಡ, ಚಂದಾ ಬೇಡ, ಮನಸ್ಸು ಸಾಕು.

ಜೊತೆಗೂಡಿ ನಿರ್ಧರಿಸುವುದೆಂದರೇನು ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆಯೊಂದಿದೆ. ರಮಝಾನ್ ಬಂದಾಗ ಸಕ್ಕರೆ ಕಾಯಿಲೆಯವರು ಏನು ಮಾಡುತ್ತಾರೆ? ಕೇಳಿದರೆ ವೈದ್ಯರು ಬೇಡವೆಂದಾರು ಎಂದು ಕೇಳುವುದೇ ಇಲ್ಲ. ಮಾತ್ರೆಯನ್ನು ತಾವೇ ಬಿಡುತ್ತಾರೆ ಅಥವಾ ಇಡೀ ದಿನದ್ದನ್ನು ಒಂದೇ ಹೊತ್ತಿಗೆ ನುಂಗುತ್ತಾರೆ. 2001ರಲ್ಲಿ 13 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಎರಡನೇ ವಿಧದ ಸಕ್ಕರೆ ಕಾಯಿಲೆಯಿರುವ ಮುಸ್ಲಿಮರಲ್ಲಿ ನೂರಕ್ಕೆ ಸುಮಾರು 79 ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದು ಕಂಡುಬಂತು. ಅಂದರೆ ಕಾರಣ ಕೇಳದೆ ಬೇಡವೆಂದು ಹೇಳುವುದರಿಂದ ವೈದ್ಯರು ಏನನ್ನೂ ಸಾಧಿಸಲಾರರು. ಮುಚ್ಚಿಡುವುದರಿಂದ ರೋಗಿಯೂ ಏನನ್ನೂ ಗಳಿಸಲಾರ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಸಹಯೋಗದಲ್ಲಿ ಸಿದ್ಧವಾದ ಮಾರ್ಗದರ್ಶಿ ಹೇಳುವುದೇನೆಂದರೆ, ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಅಪಾಯ ಎಷ್ಟೆಂದು ತೂಗಿ ನೋಡಬೇಕು. ಸಹರಿ, ಇಫ್ತಾರ್‌ಗೆ ಹೊಂದುವಂತೆ ಔಷಧಿಯ ಪ್ರಮಾಣ ಮತ್ತು ವೇಳೆ ಬದಲಿಸಬೇಕು. ನಡುವೆ ಬೆರಳು ಚುಚ್ಚಿ ಪರೀಕ್ಷಿಸುತ್ತಿರಬೇಕು. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸ ತೊರೆಯಬೇಕು. ಇಲ್ಲಿ ವೈದ್ಯರು ರೋಗಿಯ ನಂಬಿಕೆಯನ್ನು ಗೌರವಿಸಿದರು, ರೋಗಿ ವೈದ್ಯರ ಎಚ್ಚರಿಕೆಯನ್ನು ಗೌರವಿಸಿದ. ಅಪಾಯ ತೀರಾ ಹೆಚ್ಚೆಂದು ತಿಳಿದರೆ ಉಪವಾಸ ಬಿಡುವ ರಿಯಾಯಿತಿ ರೋಗಿಗೆ ಇದ್ದೇ ಇದೆ. ನಾನು ಹೇಳುತ್ತಿರುವ ಜೊತೆಗೂಡಿದ ನಿರ್ಧಾರವೆಂದರೆ ಇದೇ.

ಮಗುವಿಗೆ ಎದೆಹಾಲು ಬಿಡಿಸುವಂತಹ ವಿಷಯದಲ್ಲೂ ತಂದೆತಾಯಿಯರ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯನ್ನು ಕುರ್‌ಆನ್ ಹೆಸರಿಸಿದೆ. ತಾಯಿಯನ್ನು ಹೊರಗಿಟ್ಟು ಅದನ್ನು ತೀರ್ಮಾನಿಸುವ ಮಾತು ಅಲ್ಲಿಲ್ಲ. ಹಾಲು ಬಿಡಿಸಲು ಅವಳ ಅಭಿಪ್ರಾಯ ಬೇಕಾದರೆ, ಅವಳ ಒಡಲಿಗೆ ಕತ್ತರಿ ಹಾಕಲು ಬೇಡವೇ?

ಕೊನೆಯದಾಗಿ ಇನ್ನೊಂದು ವಿಷಯ. ಅದನ್ನು ಮಾತನಾಡಲು ನಾವು ಹೆದರುತ್ತೇವೆ. ಗುಣವಾಗುವ ಭರವಸೆಯೇ ಇಲ್ಲದ ಹಿರಿಯರು ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವಾಗ ಮಕ್ಕಳು ಹೊರಗೆ ಜಗಳವಾಡುತ್ತಾರೆ. ಮುಂದುವರಿಸೋಣವೆಂದು ಒಬ್ಬ, ಮನೆಗೆ ಕರೆದೊಯ್ಯೋಣವೆಂದು ಇನ್ನೊಬ್ಬ. ತಂದೆಯ ಇಚ್ಛೆ ಏನಾಗಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಏಕೆಂದರೆ ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಅಂತಹ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸುಲಭಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನಗೆ ಮಾತನಾಡಲು ಆಗದಿದ್ದಾಗ ತನ್ನ ಪರವಾಗಿ ಯಾರು ಮಾತನಾಡಬೇಕೆಂದು ಅದರಲ್ಲಿ ಹೆಸರಿಸಬಹುದು. ಚಿಕಿತ್ಸೆ ಹಿಂತೆಗೆಯಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಇಲ್ಲಿ ಅನುಮತಿಯಿಲ್ಲ. ಅದು ಅಪರಾಧವೇ ಹೌದು. ಏನು ಬರೆಯಬೇಕೆಂಬುದನ್ನು ಪ್ರತಿಯೊಬ್ಬರೂ ತಮ್ಮ ವೈದ್ಯರನ್ನೂ ತಾವು ನಂಬುವ ವಿದ್ವಾಂಸರನ್ನೂ ಕೇಳಿ ತೀರ್ಮಾನಿಸಲಿ. ಎಲ್ಲ ಚಿಕಿತ್ಸೆಯೂ ಬೇಕು ಎಂದೇ ಬರೆಯಬಹುದು. ಆದರೆ ಆ ಮಾತು ಅವರದ್ದಾಗಿರಲಿ. ಮಕ್ಕಳ ಮೇಲೆ ಆ ಭಾರ ಬೀಳದಿರಲಿ.

ಜೊತೆಗೂಡಿ ನಿರ್ಧರಿಸಿದ ಮೇಲೆ ಫಲಿತಾಂಶದ ಹೊಣೆಯನ್ನೂ ಜೊತೆಗೂಡಿಯೇ ಹೊರಬೇಕು ಎಂಬುದನ್ನು ಯುವಕರಿಗೆ ನೆನಪಿಸುತ್ತೇನೆ. ರೋಗಿ ತೀರಿಕೊಂಡಾಗ ಆಸ್ಪತ್ರೆಯ ಗಾಜು ಒಡೆಯುವುದನ್ನು, ವೈದ್ಯರ ಮೇಲೆ ಕೈ ಮಾಡುವುದನ್ನು ತಡೆಯಲು ರಾಜ್ಯ 2009ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಹೆದರಿದ ವೈದ್ಯರು ಸತ್ಯ ಹೇಳುವುದಿಲ್ಲ, ಸಹಿ ಮಾತ್ರ ಕೇಳುತ್ತಾರೆ. ಸಂಶಯವಿದ್ದರೆ ದಾಖಲೆ ಕೇಳಿ ಪಡೆಯಿರಿ. 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಪ್ರಾಧಿಕಾರಕ್ಕೆ ದೂರು ಕೊಡಿ.

ಇಂದು ಮನೆಗೆ ಮರಳಿದ ಬಳಿಕ ನೀವು ಮಾಡಬಹುದಾದ ಕೆಲಸ ಚಿಕ್ಕದು. ನಿಮ್ಮ ಮನೆಯಲ್ಲಿ ಔಷಧಿ ಸೇವಿಸುತ್ತಿರುವ ತಾಯಿಯೋ ಪತ್ನಿಯೋ ಸೊಸೆಯೋ ಇದ್ದರೆ, ಅವಳ ಕಾಯಿಲೆಯ ಬಗ್ಗೆ ವೈದ್ಯರು ಏನು ಹೇಳಿದ್ದಾರೆ ಎಂದು ಅವಳನ್ನೇ ಕೇಳಿ ನೋಡಿ. ನನಗೇನು ಗೊತ್ತು, ನಿಮಗೆ ಗೊತ್ತಲ್ಲ ಎಂದು ಅವಳು ಉತ್ತರಿಸಿದರೆ, ಮುಂದಿನ ಬಾರಿ ವೈದ್ಯರ ಎದುರಿನ ಕುರ್ಚಿಯಲ್ಲಿ ಅವಳನ್ನು ಕುಳ್ಳಿರಿಸಿ. ನೀವು ಪಕ್ಕದಲ್ಲಿ ನಿಲ್ಲಿ. ಇದೇನು, ಕಾದು ನೋಡಿದರೆ ಏನಾಗುತ್ತದೆ, ಬೇರೆ ದಾರಿಯಿದೆಯೇ, ಪ್ರತಿಯೊಂದಕ್ಕೂ ಖರ್ಚೆಷ್ಟು, ನೋವೆಷ್ಟು, ಎಷ್ಟು ದಿನಕ್ಕೆ ಕೆಲಸಕ್ಕೆ ಮರಳಬಹುದು ಎಂಬ ಪ್ರಶ್ನೆಗಳನ್ನು ಅವಳೇ ಕೇಳಲಿ. ಮರೆತರೆ ನೆನಪಿಸಿ, ಅವಳ ಬದಲು ಉತ್ತರಿಸಬೇಡಿ.